ಎರಡು ಬೀಗದ ಶಾಂತಿ

ನಮ್ಮೂರಿನಲ್ಲಿ ಶಾಂತಿ ಸ್ಥಾಪಿಸಲು ಒಂದು ಸಮಿತಿ ಹುಟ್ಟಿಕೊಂಡ ಮೇಲೆಯೇ ನಮ್ಮೂರಿನಲ್ಲಿ ಎಷ್ಟು ಜಗಳಗಳಿವೆ ಎಂಬುದು ನನಗೆ ಗೊತ್ತಾದದ್ದು. ಅದಕ್ಕೆ ಮುಂಚೆ ನನಗೆ ತಿಳಿದಂತೆ ಇದ್ದದ್ದು ಒಂದೇ ಜಗಳ. ಅದಕ್ಕೆ ಏಳು ವರ್ಷ ವಯಸ್ಸು. ಅದು ಒಂದು ಬಾಗಿಲಿಗೆ ಎರಡು ಬೀಗ ಜಡಿದುಕೊಂಡು ಊರ ನಡುವೆ ಕೂತಿತ್ತು.

ನಾನು ಸುಧಾಮಣಿ, ಅರೆಕಲ್ಪುರದ ಪಂಚಾಯ್ತಿ ಗ್ರಂಥಾಲಯದ ಮೇಲ್ವಿಚಾರಕಿ. ಗುಂಡ್ಲುಪೇಟೆಯಲ್ಲಿ ಭೀಮನಬೀಡಿನ ಬಸ್ಸು ಹತ್ತಿ, ಅಲ್ಲಿ ಇಳಿದು, ಎರಡು ಮೈಲಿ ನಡೆದರೆ ನಮ್ಮೂರು. ನನಗೆ ಸಿಟ್ಟು ಜಾಸ್ತಿ ಎಂದು ಊರವರ ದೂರು. ಗ್ರಂಥಾಲಯದ ಸೂರು ಸೋರಿ, ಸಾವಿರದ ನಾನೂರು ಪುಸ್ತಕಗಳನ್ನು ಈರುಳ್ಳಿ ಚೀಲಕ್ಕೆ ತುಂಬಿ ಮನೆಯ ಅಟ್ಟಕ್ಕೇರಿಸಿ, ಗೆದ್ದಲು ಹತ್ತದಂತೆ ವಾರಕ್ಕೊಮ್ಮೆ ಇಳಿಸಿ ಬಿಸಿಲಿಗೆ ಹಾಕುವವಳಿಗೆ ಸಿಟ್ಟು ಬರದೆ ಇನ್ನೇನು ಬರಬೇಕು, ನಿದ್ದೆಯೇ? ಗಂಡ ಲಾರಿ ಓಡಿಸುತ್ತಾರೆ, ವಾರದಲ್ಲಿ ಐದು ದಿನ ಕೇರಳದ ರಸ್ತೆಯ ಮೇಲೆಯೇ ಇರುತ್ತಾರೆ. ಹಾಗಾಗಿ ನನ್ನ ಸಿಟ್ಟೆಲ್ಲ ಊರಿಗೇ ಮೀಸಲು.

ಊರಿಗೆ ಇರುವುದು ಎರಡು ಬೀದಿ. ಮೇಲಿನ ಬೀದಿಯವರು ಶಿವಭಕ್ತರು, ಜಮೀನಿರುವವರು, ಮಂಡಿ ವ್ಯಾಪಾರದವರು. ಅವರ ಯಜಮಾನರು ಚಿಕ್ಕಮಲ್ಲಪ್ಪನವರು, ಗುಂಡ್ಲುಪೇಟೆಯಲ್ಲಿ ಈರುಳ್ಳಿ ಮಂಡಿ ಇಟ್ಟಿದ್ದಾರೆ. ಕೆಳಗಿನ ಬೀದಿಯವರು ನಾವು. ಐದು ವರ್ಷದ ಹಿಂದೆ ಎರಡು ಬಸ್ಸು ಮಾಡಿಕೊಂಡು ಚಾಮರಾಜನಗರಕ್ಕೆ ಹೋಗಿ ಬೌದ್ಧ ದೀಕ್ಷೆ ಪಡೆದು ಬಂದವರು. ನಮ್ಮ ಯಜಮಾನರು ಚಿಕ್ಕಯ್ಯ, ಸರ್ಕಾರಿ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದವರು. ಅವರೇ ನನ್ನ ಅಪ್ಪ.

ದೀಕ್ಷೆಯಾದ ಮೇಲೆ ನಮ್ಮವರು ಹರಕೆ ಬಿಟ್ಟರು, ಕಣಿ ಕೇಳುವುದು ಬಿಟ್ಟರು, ಮೈಮೇಲೆ ದೇವರು ಬರಿಸಿಕೊಳ್ಳುವುದನ್ನೂ ಬಿಟ್ಟರು. ವೀಳ್ಯದ ಮರ್ಯಾದೆ ಒಂದನ್ನು ಮಾತ್ರ ಬಿಡಲಿಲ್ಲ. ಮೇಲಿನ ಬೀದಿಯವರೇನು ಕಡಿಮೆಯೇ? ಬಸವ ಜಯಂತಿಯ ದಿನ ಮನುಷ್ಯರೆಲ್ಲ ಒಂದೇ ಎಂದು ಮೈಕಿನಲ್ಲಿ ಗಂಟಲು ಹರಿಯುವಂತೆ ಹೇಳುತ್ತಾರೆ, ಮೈಕು ಇಳಿಸಿದ ಕೂಡಲೇ ಮೊದಲ ವೀಳ್ಯ ಯಾರಿಗೆ ಎಂದು ಕೇಳುತ್ತಾರೆ. ನಮ್ಮ ಕಡೆ ಮದುವೆಯಿರಲಿ, ತಿಥಿಯಿರಲಿ, ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು ಯಾರ ಕೈಗೆ ಮೊದಲು ಕೊಡುತ್ತಾರೋ ಅವರೇ ದೊಡ್ಡವರು. ಎರಡನೆಯವರ ಕೈಗೆ ಬಂದದ್ದು ವೀಳ್ಯವಲ್ಲ, ಅವಮಾನ. ಎರಡು ಎಲೆ, ಒಂದು ಚೂರು ಅಡಿಕೆಗೆ ಬೀಗತನ ಮುರಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಎರಡು ಬೀದಿಯ ನಡುವಿನ ಸಮುದಾಯ ಭವನಕ್ಕೆ ಬಡಿದದ್ದೂ ಇದೇ ಪೀಡೆ. ಕಟ್ಟಿದ ಹಣ ಕೆಳಗಿನ ಬೀದಿಯ ಹೆಸರಿನಲ್ಲಿ ಬಂದ ಸರ್ಕಾರದ ಅನುದಾನ. ಕಟ್ಟಿದ ಜಾಗ ಚಿಕ್ಕಮಲ್ಲಪ್ಪನವರ ತಂದೆ ಬರೆದುಕೊಟ್ಟದ್ದು. ಏಳು ವರ್ಷದ ಹಿಂದೆ ಪ್ರಾರಂಭೋತ್ಸವದ ದಿನ ತಟ್ಟೆ ಬಂತು. "ಜಾಗ ನಮ್ದು, ಮೊದ್ಲ ವೀಳ್ಯ ನಮ್ಗೆ" ಎಂದರು ಅವರು. "ಗೋಡೆ ನಮ್ದು, ಸೂರು ನಮ್ದು, ಜಾಗ ಬೇಕಾದ್ರೆ ಅಡೀಲಿ ಮಡಿಕಳಿ" ಎಂದರು ಅಪ್ಪ. ಸಂಜೆ ಐದಕ್ಕೆ ಮೇಲಿನ ಬೀದಿಯವರು ಒಂದು ಬೀಗ ಜಡಿದರು. ಐದೂವರೆಗೆ ನಮ್ಮವರು ಅದರ ಪಕ್ಕದಲ್ಲೇ ಇನ್ನೊಂದು ಜಡಿದರು. ಅಂದಿನಿಂದ ಆ ಭವನದೊಳಗೆ ಬಾವಲಿ ಬಿಟ್ಟರೆ ಯಾವ ಸಮುದಾಯವೂ ಕಾಲಿಟ್ಟಿಲ್ಲ.

ಹತ್ತನೇ ಕ್ಲಾಸಿನ ಹೆಣ್ಣುಮಕ್ಕಳು ಬಸ್ ತಂಗುದಾಣದ ಕಲ್ಲುಬೆಂಚಿನ ಮೇಲೆ ಕೂತು ಓದುತ್ತಿದ್ದರು. ಪಕ್ಕದಲ್ಲೇ ಇಸ್ಪೀಟಿನವರು, ಅವರ ಬೀಡಿ ಹೊಗೆ, ಅವರ ಬಾಯಿಮಾತು. ನಾನು ದಿನಾ ಅದನ್ನು ನೋಡಿಕೊಂಡು, ನಾಲ್ಕು ಫ್ಯಾನು, ಆರು ಕಿಟಕಿಯ ಆ ಭವನದ ಮುಂದೆ ನಡೆದು ಮನೆಗೆ ಹೋಗುತ್ತಿದ್ದೆ. ಸುಳ್ಳೇಕೆ ಹೇಳಲಿ, ಒಂದೆರಡು ಸಲ ಗುಂಡುಕಲ್ಲು ಎತ್ತಿಕೊಂಡು ಬೀಗದ ಮುಂದೆ ನಿಂತದ್ದೂ ಉಂಟು.

ಹೀಗಿರುವಾಗ ಮೈಸೂರಿನಿಂದ ರಾಜಶೇಖರ್ ಎಂಬುವರು ಬಂದರು. ಬೌದ್ಧ ಧರ್ಮದ ದಾರಿಯಲ್ಲಿ, ಸಂಸ್ಕೃತಿ ಮತ್ತು ಶಿಕ್ಷಣದ ಮೂಲಕ ವಿಶ್ವಶಾಂತಿ ತರುವ ಪ್ರತಿಷ್ಠಾನವೊಂದರ ಸಂಯೋಜಕರು. ಇಸ್ತ್ರಿ ಮುರಿಯದ ಖಾದಿ ಜುಬ್ಬಾ, ಕೈಯಲ್ಲಿ ಲ್ಯಾಪ್‌ಟಾಪು. ಹಳ್ಳಿಯ ಎಲ್ಲ ಜನರೂ ಸೇರಿ ಒಂದು ದಿನ ಶಾಂತಿ ಹಬ್ಬ ಮಾಡಿ, ಎಲ್ಲರಿಗೂ ಸೇರಿದ ಒಂದು ಕಟ್ಟಡವನ್ನು ಓದುಮನೆಗೆ ಬಿಟ್ಟುಕೊಟ್ಟರೆ ಮೂರು ಸಾವಿರ ಪುಸ್ತಕ, ಕಪಾಟು, ಬೆಂಚು, ಸೋಲಾರ್ ದೀಪ ಎಲ್ಲ ಅವರೇ ಕೊಡುತ್ತಾರಂತೆ.

"ಬುದ್ಧ ಪೂರ್ಣಿಮೆ ಕಳೆದ ಮೇಲಿನ ಭಾನುವಾರ ಪುಸ್ತಕದ ಗಾಡಿ ತರ್ತೀವಿ ಮೇಡಂ" ಎಂದರು. "ಅವತ್ತು ಸಂಜೆಯೊಳಗೆ ಬಾಗಿಲು ತೆಗೆದಿರಬೇಕು. ಇಲ್ಲದಿದ್ರೆ ಅದೇ ಗಾಡಿ ಕೇರಳದ ಕಾಡುರಸ್ತೆಯ ಮದ್ದೂರು ಕಡೆ ಇನ್ನೊಂದು ಊರಿಗೆ ಹೋಗುತ್ತೆ. ಅವರು ಕಾಯ್ತಾ ಇದ್ದಾರೆ."

ಮೊದಲಿಗೆ ಸಮೀಕ್ಷೆ. ನಿಮ್ಮ ಬೀದಿಯಲ್ಲಿ ಶಾಂತಿ ಎಷ್ಟಿದೆ, ಐದಕ್ಕೆ ಅಂಕ ಕೊಡಿ. ಪಕ್ಕದ ಬೀದಿಯಲ್ಲಿ ಎಷ್ಟಿದೆ, ಅದಕ್ಕೂ ಕೊಡಿ. ಮೇಲಿನ ಬೀದಿಯವರು ತಮಗೆ ಐದು ಕೊಟ್ಟುಕೊಂಡು ನಮಗೆ ಒಂದು ಕೊಟ್ಟರು. ಅದು ಹೇಗೋ ಅಪ್ಪನ ಕಿವಿಗೆ ಬಿದ್ದು, ನಮ್ಮವರು ತಮಗೆ ಆರು ಕೊಟ್ಟುಕೊಂಡರು. "ಐದಕ್ಕೆ ಆರು ಬರಲ್ಲ ಸರ್" ಎಂದು ರಾಜಶೇಖರ್ ಬೇಡಿಕೊಂಡರೆ, "ಅವ್ರಿಗೆ ಐದು ಬತ್ತದೆ ಅನ್ನಂಗಿದ್ರೆ ನಮ್ಗೆ ಆರು ಬಂದೇ ಬತ್ತದೆ, ಬರ್ಕಳಿ ಸಾ" ಎಂದರು ಅಪ್ಪ.

ಆಮೇಲೆ ಅರಳಿಕಟ್ಟೆಯ ಮೇಲೆ ಶಾಂತಿ ಸಮಿತಿಯ ಸಭೆ. ಅಧ್ಯಕ್ಷರು ಯಾರೆಂಬ ಮಾತಿಗೆ ಒಂದೂವರೆ ಗಂಟೆ ಹೊಡೆದಾಡಿ, ಕೊನೆಗೆ ಹತ್ತೊಂಬತ್ತು ಜನ ಗೌರವಾಧ್ಯಕ್ಷರಾದರು. ಸದಸ್ಯರಾಗಲು ಯಾರೂ ಉಳಿಯದೆ ನನ್ನೊಬ್ಬಳನ್ನು ಸದಸ್ಯೆ ಮಾಡಿದರು. ಆಮಂತ್ರಣ ಪತ್ರಿಕೆಯಲ್ಲಿ ನಲವತ್ತೆರಡು ಹೆಸರು ಸೇರಿ, ಬುದ್ಧನ ಚಿತ್ರ ಅಂಚೆಚೀಟಿಯಷ್ಟಾಗಿ ಮೂಲೆಗೆ ಹೋಯಿತು. ಹಬ್ಬದ ದಿನದ ಊಟಕ್ಕೆ ಈರುಳ್ಳಿ ಬೆಳ್ಳುಳ್ಳಿ ಹಾಕುವುದು ಬೇಡ, ಬರುವ ಭಿಕ್ಕುಗಳು ಸಾತ್ವಿಕರು ಎಂದು ರಾಜಶೇಖರ್ ಬಾಯಿಬಿಟ್ಟದ್ದೇ ತಡ, ಚಿಕ್ಕಮಲ್ಲಪ್ಪನವರು ಹೆಗಲ ಟವಲ್ಲು ಕೊಡವಿ ಎದ್ದರು. "ಈರುಳ್ಳಿ ಬ್ಯಾಡ್ವಾ? ನಲವತ್ತೊರ್ಸ ಈರುಳ್ಳಿ ಯಾಪಾರ ಮಾಡಿರೋನ್ ಮುಂದೆ ಈ ಮಾತಾ? ನಾನ್ ಸಾತ್ವಿಕ ಅಲ್ವಾ?" ಅವರನ್ನು ಮತ್ತೆ ಕೂರಿಸಲು ಅರ್ಧ ಗಂಟೆ ಹಿಡಿಯಿತು.

ಕಡೆಗೆ ಬಂತು ವೀಳ್ಯದ ವಿಷಯ. ಎಲೆ ಅಡಿಕೆಯಿಂದಲೇ ತಾನೆ ಜಗಳ, ಎಲೆ ಅಡಿಕೆಯೇ ಬೇಡ ಎಂದೆ ನಾನು. ಎಲ್ಲರೂ ನನ್ನನ್ನು ಮೊದಲ ಬಾರಿಗೆ ಮೆಚ್ಚಿಕೊಂಡು ನೋಡಿದರು. ಅಪ್ಪ ತಲೆಯ ಮೇಲಿನ ಮರ ನೋಡಿ, "ಅರಳಿ ಎಲೆ ಕೊಟ್ರಾಯ್ತು. ಬುದ್ದ ಗ್ಯಾನ ಪಡ್ದುದ್ದು ಇದ್ರಡೀಲೇ ಅಲ್ವಾ" ಎಂದರು. "ಆಗ್ಬೋದು ಕಂಡಕ್ಟ್ರೇ, ಅರಳಿ ನಮ್ಗೂ ದೇವ್ರ ಮರವೇ" ಎಂದರು ಚಿಕ್ಕಮಲ್ಲಪ್ಪ. ಏಳು ವರ್ಷದಲ್ಲಿ ಇಬ್ಬರೂ ಒಪ್ಪಿದ ಮೊದಲ ಮಾತು ಅದು. ನನ್ನ ಕಣ್ಣು ತುಂಬಿಬಂತು. ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಹಿಂದಿನಿಂದ ಯಾರೋ ಕೇಳಿದರು: "ಸರಿ, ಮೊದ್ಲ ಅರಳಿ ಎಲೆ ಯಾರ್ಗೆ?"

ಥೂ ಇವರ ಬಾಳಿಗೆ! ಮತ್ತೆ ಎರಡು ಗಂಟೆ. ಕೊನೆಗೆ, ಭಿಕ್ಕುಗಳು ಎರಡೂ ಕೈಯಲ್ಲಿ ಒಂದೊಂದು ಎಲೆ ಹಿಡಿದು ಇಬ್ಬರು ಯಜಮಾನರಿಗೂ ಒಂದೇ ಗಳಿಗೆಯಲ್ಲಿ ಕೊಡುವುದು ಎಂದು ತೀರ್ಮಾನವಾಯಿತು. ಇದನ್ನು ರಾಜಶೇಖರ್ ತಮ್ಮ ವರದಿಯಲ್ಲಿ ಸಂವಾದದ ಯಶಸ್ಸು ಎಂದು ಬರೆದುಕೊಂಡರು.

ಈ ಗಲಾಟೆಯಲ್ಲಿ ನನಗೆ ಧೈರ್ಯ ಹೇಳಿದವರು ಒಬ್ಬರೇ, ಚಿಕ್ಕಮಲ್ಲಪ್ಪನವರ ಹೆಂಡತಿ ಶಾಂತಮಲ್ಲಮ್ಮನವರು. ಅರವತ್ತು ದಾಟಿದ ಹೆಂಗಸು. ವಯಸ್ಕರ ಶಿಕ್ಷಣದಲ್ಲಿ ಅಕ್ಷರ ಕಲಿತವರು. ಹೊಲಕ್ಕೆ ಹೋಗುವ ನೆಪದಲ್ಲಿ ನನ್ನ ಮನೆಯ ಹಿತ್ತಿಲಿಗೆ ಬಂದು ವಾರಕ್ಕೆ ಮೂರು ಪುಸ್ತಕ ಸೆರಗಿನೊಳಗೆ ಇಟ್ಟುಕೊಂಡು ಹೋಗುತ್ತಾರೆ. "ನಿನ್ ಚೀಲ್ದಲ್ಲಿರವ್ನೆಲ್ಲ ಓದಿ ಮುಗಿಸ್ದೆ ಕಣಮ್ಮಿ. ಆ ಗಾಡಿ ಬರ್ದೆ ಓದ್ರೆ ನಾನೇನ್ ಓದ್ಲಿ, ನಮ್ಮೆಜಮಾನ್ರ ಮಕ ಓದ್ಲಾ?" ಎಂದು ಅವರೂ ಆ ದಿನಕ್ಕೆ ಕಾಯುತ್ತಿದ್ದರು.

ಭಾನುವಾರ ಬಂತು. ಭವನದ ಮುಂದೆ ಶಾಮಿಯಾನ, ಗುಂಡ್ಲುಪೇಟೆಯಿಂದ ತರಿಸಿದ ಅಡುಗೆ, ಬೇವಿನ ಮರದ ಕೆಳಗೆ ಪುಸ್ತಕದ ಗಾಡಿ. ಅದರ ಹಿಂಬಾಗಿಲು ತೆರೆದು ಮಕ್ಕಳು ಇಣುಕುತ್ತಿದ್ದರು. ನಾನೂ ಇಣುಕಿದೆ. ಹೊಸ ಪುಸ್ತಕದ ವಾಸನೆ ಮೂಗಿಗೆ ಬಡಿದು ತಲೆ ತಿರುಗಿದಂತಾಯಿತು.

ಬಂದ ಭಿಕ್ಕುಗಳ ಹೆಸರು ಜಂಪಾ. ಟಿಬೆಟ್ಟಿನವರು ಎಂದು ಕೇಳಿ ಊರವರು ಕೈಸನ್ನೆ ಅಭ್ಯಾಸ ಮಾಡಿಕೊಂಡಿದ್ದರು. ಅವರು ಜೀಪಿನಿಂದ ಇಳಿದವರೇ, "ಏನಣ್ಣ, ಈ ಪಾಟಿ ಬಿಸ್ಲು! ಒಸಿ ನೀರ್ ಕೊಡಿ" ಎಂದರು. ಜನ ಬಾಯಿ ಬಿಟ್ಟರು. ಅವರು ಹುಟ್ಟಿದ್ದು ನಮ್ಮದೇ ಜಿಲ್ಲೆಯ ಒಡೆಯರಪಾಳ್ಯದ ಟಿಬೆಟನ್ ಕ್ಯಾಂಪಿನಲ್ಲಿ, ದೀಕ್ಷೆಗೆ ಮುಂಚೆ ತಮ್ಮ ತಂದೆಯ ಜೊತೆ ಜೋಳದ ಹೊಲ ಉತ್ತವರು. ಈರುಳ್ಳಿ ತಿನ್ನುತ್ತೀರಾ ಎಂದು ಚಿಕ್ಕಮಲ್ಲಪ್ಪನವರು ಅಂಜುತ್ತಾ ಕೇಳಿದರೆ, "ಈರುಳ್ಳಿ ಇಲ್ದೆ ಸಾರ್ ಎಂಗ್ ಮಾಡ್ತರಣ್ಣ?" ಎಂದರು. ಚಿಕ್ಕಮಲ್ಲಪ್ಪನವರು ಅಲ್ಲಿಯೇ ಅರ್ಧ ಬೌದ್ಧರಾದರು.

ಭಾಷಣಗಳಾದವು. ಹತ್ತೊಂಬತ್ತು ಗೌರವಾಧ್ಯಕ್ಷರೂ ಸಮಯದ ಅಭಾವ ಎಂದು ಹೇಳಿಕೊಂಡೇ ಹತ್ತು ಹತ್ತು ನಿಮಿಷ ಮಾತಾಡಿದರು. ಮಕ್ಕಳು ಶಾಂತಿಯ ಹಾಡು ಹೇಳಿದರು, ಕಂಸಾಳೆಯಾಯಿತು, ಜಂಪಾ ಗುರುಗಳು ಮೈಕು ಹಿಡಿದರು. ಬುದ್ಧನ ವಿಚಾರವಾಗಿ ದೊಡ್ಡ ಮಾತು ಬರುತ್ತದೆ ಎಂದು ಎಲ್ಲರೂ ಕೈಕಟ್ಟಿ ಕೂತರು.

"ನಮ್ಮ ಮಠ್ದಲ್ಲೂ ಮುಂದೆ ಇಂದೆ ಅಂತ ಅದೆ ಕಣಣ್ಣ" ಎಂದರು ಅವರು. "ಮೊದ್ಲು ದೀಕ್ಷೆ ತಗಂಡೋರು ಮುಂದೆ, ಆಮೇಲ್ ತಗಂಡೋರು ಇಂದೆ. ನಾನು ಇಪ್ಪತ್ತೊರ್ಸ ಇಂದೆ ಕೂತು ಒಂದ್ ಇಸ್ಯ ಕಲ್ತೆ. ಇಂದೆ ಕೂತೋನು ಬೇಗ ಎದ್ದೋಗ್ಬೋದು. ಅಷ್ಟೇಯ. ಮಕ್ಳು ಅಸ್ಕಂಡವೆ, ಬಾಗ್ಲು ತಗೀರಿ, ಪುಸ್ತ್ಕ ಇಳ್ಸನ, ಉಣ್ಣನ."

ಹೆಂಗಸರು, ಮಕ್ಕಳು ಚಪ್ಪಾಳೆ ತಟ್ಟಿದರು. ಯಜಮಾನರುಗಳಿಗೆ ಮಾತು ಏನೇನೂ ಸಾಲಲಿಲ್ಲ.

ತಟ್ಟೆ ಬಂತು. ಗುರುಗಳು ಎರಡೂ ಕೈಯಲ್ಲಿ ಒಂದೊಂದು ಅರಳಿ ಎಲೆ ಹಿಡಿದು ನಿಂತರು. ಅವರ ಬಲಗೈಯ ಮುಂದೆ ಚಿಕ್ಕಮಲ್ಲಪ್ಪ, ಎಡಗೈಯ ಮುಂದೆ ಅಪ್ಪ. ಅಪ್ಪನ ಮುಖ ನೋಡಿದ ಕೂಡಲೇ ನನಗೆ ತಿಳಿಯಿತು, ಕೆಟ್ಟೆವು ಎಂದು. ಅಷ್ಟು ಗಂಟೆ ಲೆಕ್ಕ ಹಾಕಿದ ಒಬ್ಬನಿಗೂ ಹೊಳೆದಿರಲಿಲ್ಲ, ಎರಡು ಕೈಯೆಂದರೆ ಒಂದು ಎಡಗೈ ಎಂದು.

"ಎಡಗೈಲಿ ಕೊಟ್ಟುದ್ದ ತಗಳಕೆ ನಾನೇನ್ ಬಿಕ್ಸೆಗೆ ಬಂದಿದ್ದನಾ?" ಎಂದರು ಅಪ್ಪ.

"ಗುರುಗಳು ಅತ್ಲಾಗ್ ತಿರೀಕಳ್ಳಿ" ಎಂದು ನಮ್ಮ ಬೀದಿಯವರು ಕೂಗಿದರು. "ತಿರಗ್ದ್ರೆ ನಾವ್ ಎಡಕ್ಕೆ ಬತ್ತೀವಿ, ತಿರಗ್ಕೂಡ್ದು" ಎಂದು ಮೇಲಿನ ಬೀದಿಯವರು ಕೂಗಿದರು. ಜಂಪಾ ಗುರುಗಳು ಒಮ್ಮೆ ಇವರನ್ನು, ಒಮ್ಮೆ ಅವರನ್ನು ನೋಡಿದರು. ಆಮೇಲೆ ಎರಡೂ ಎಲೆಗಳನ್ನು ತಮ್ಮ ಜೋಳಿಗೆಗೆ ಹಾಕಿಕೊಂಡು, "ಎರಡ್ನೂ ನಾನೇ ಮಡಿಕತೀನಿ ಬುಡಿ" ಎಂದು ಮಕ್ಕಳ ಜೊತೆ ಚಾಪೆಯ ಮೇಲೆ ಹೋಗಿ ಕೂತರು.

ಉಳಿದದ್ದು ಬೀಗ. ಅಲ್ಲೂ ಅದೇ. ಮೊದಲು ಬೀಗ ತೆಗೆದವರು ಸೋತ ಹಾಗೆ, ಆಮೇಲೆ ತೆಗೆದವರು ಬಾಗಿಲು ತೆರೆದ ಹಾಗೆ. ಇಬ್ಬರೂ ಕೈಯಲ್ಲಿ ಬೀಗದ ಕೈ ಹಿಡಿದು, "ನೀವು ತಗೀರಿ ಸಾವ್ಕಾರ್ರೇ," "ಚೇ ಚೇ, ಮೊದ್ಲು ನೀವು ಕಂಡಕ್ಟ್ರೇ" ಎಂದು ಉಪಚಾರ ಮಾಡತೊಡಗಿದರು. ಜನ್ಮದಲ್ಲಿ ಒಬ್ಬರಿಗೊಬ್ಬರು ಅಷ್ಟು ಮರ್ಯಾದೆ ಕೊಟ್ಟವರಲ್ಲ. ಒಂದು ಗಂಟೆಯಾಯಿತು, ಎರಡಾಯಿತು. ಸಾಂಬಾರು ಆರಿತು. ಮಕ್ಕಳು ಅಳತೊಡಗಿದವು. ರಾಜಶೇಖರ್ ಗಡಿಯಾರ ನೋಡಿಕೊಂಡು ನನ್ನ ಬಳಿ ಬಂದರು.

"ಸಾರಿ ಮೇಡಂ. ಕತ್ತಲಾದ್ರೆ ಕಾಡಿನ ರಸ್ತೇಲಿ ಗಾಡಿ ಬಿಡಲ್ಲ. ನಾಲ್ಕು ಗಂಟೆಗೆ ಮದ್ದೂರು ಕಡೆ ಹೊರಡಲೇಬೇಕು."

ಡ್ರೈವರು ಗಾಡಿಯ ಹಿಂಬಾಗಿಲು ಮುಚ್ಚಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ. ಬೈಯಬೇಕು ಎಂದು ಬಾಯಿ ತೆರೆದೆ, ಅಳು ಬಂದುಬಿಟ್ಟಿತು. ಅಷ್ಟು ಜನರ ಮುಂದೆ ಅತ್ತೆನಲ್ಲ ಎಂದು ಇನ್ನೂ ಸಿಟ್ಟು ಬಂತು.

ಆಗ ಶಾಂತಮಲ್ಲಮ್ಮನವರು ಹೆಂಗಸರ ನಡುವಿನಿಂದ ಎದ್ದು ಬಾಗಿಲ ಬಳಿ ಹೋದರು. ಬೀಗದ ಕಡೆ ತಿರುಗಿಯೂ ನೋಡಲಿಲ್ಲ. ಇನ್ನೊಂದು ಪಕ್ಕದ ಕೀಲುಗಳನ್ನು ಮುಟ್ಟಿ ನೋಡಿ, "ಲೇ ಸುಧಾಮಣಿ, ಬಾ ಇಲ್ಲಿ" ಎಂದರು. "ನಮ್ಮ ಕೊಟ್ಗೆ ಗೇಟೂ ಇಂಥದ್ದೇ ಕಣಮ್ಮಿ. ಎಮ್ಮೆ ಕೊಂಬಾಕಿ ಎತ್ತುದ್ರೆ ಸಾಕು, ಕೀಲಿಂದ ಬಂದ್ಬುಡ್ತದೆ. ಕೆಳಗ್ ಕೈ ಆಕು."

ನಾನು ಸೆರಗು ಸಿಕ್ಕಿಸಿ ಕೆಳಗೆ ಕೈ ಹಾಕಿದೆ. ಅವರು ಬಾಗಿಲ ನಡುವಿಗೆ ಕೈ ಕೊಟ್ಟರು. ಕಂಟ್ರಾಕ್ಟರು ಕೂರಿಸಿದ್ದ ತಗಡಿನ ಬಾಗಿಲು, ಎಮ್ಮೆಯ ಕೊಂಬಿಗಿಂತ ಹೆಚ್ಚಿನದೇನೂ ಬೇಕಾಗಲಿಲ್ಲ. ಕಿರ್ರ್ ಎಂದು ಮೇಲೆದ್ದು ಕೀಲು ಬಿಟ್ಟಿತು. ಎಳೆದೆವು. ಬೀಗ ಹಾಕಿದ ಕಡೆಯೇ ತಿರುಗಣೆಯಂತಾಗಿ, ಬಾಗಿಲು ಹಿಂದುಮುಂದಾಗಿ ತೆರೆದುಕೊಂಡಿತು. ಎರಡೂ ಬೀಗ ಹಾಕಿದಂತೆಯೇ ಇದ್ದವು.

ಒಳಗಿಂದ ಬಾವಲಿಗಳು ಬುರ್ರನೆ ಹೊರಬಿದ್ದು ಗೌರವಾಧ್ಯಕ್ಷರ ತಲೆಯ ಮೇಲೆ ಹಾರಿದವು. ಎಲ್ಲರೂ ತಲೆ ಬಗ್ಗಿಸಿದ್ದೇ ಬಗ್ಗಿಸಿದ್ದು. ಮಕ್ಕಳು ಓ ಎಂದು ಕೂಗಿಕೊಂಡು ಒಳಗೆ ನುಗ್ಗಿದವು, ಜಂಪಾ ಗುರುಗಳು ಪೊರಕೆ ಹುಡುಕಿಕೊಂಡು ಹಿಂದೆಯೇ ಹೋದರು. ಒಂದು ಗಂಟೆಯಲ್ಲಿ ಕಸ ಗುಡಿಸಿ, ಪುಸ್ತಕ ಇಳಿಸಿ, ಕಪಾಟು ಜೋಡಿಸಿದ್ದಾಯಿತು. ರಾಜಶೇಖರ್ ತಮ್ಮ ಫಾರಂ ತೆಗೆದು ಪೇಚಾಡಿದರು. "ಎರಡೂ ಸಮುದಾಯದವರು ಒಟ್ಟಾಗಿ ಬಾಗಿಲು ತೆರೆದರೇ ಅಂತ ಒಂದು ಪ್ರಶ್ನೆ ಇದೆ, ಏನು ಬರೀಲಿ?" ಎಂದರು. ಹೌದು ಎಂದು ಬರೀರಿ, ಅದಕ್ಕಿಂತ ದೊಡ್ಡ ಸತ್ಯ ನಿಮ್ಮ ಫಾರಮ್ಮಿನಲ್ಲಿ ಇನ್ನೊಂದಿರಲ್ಲ ಎಂದೆ.

ಮುಂದಿನ ನಾಲ್ಕು ದಿನಗಳಂಥ ದಿನಗಳನ್ನು ನನ್ನ ಬಾಳಿನಲ್ಲೇ ಕಂಡಿರಲಿಲ್ಲ. ಬಸ್ ತಂಗುದಾಣದ ಹೆಣ್ಣುಮಕ್ಕಳು ಫ್ಯಾನಿನ ಕೆಳಗೆ ಕೂತು ಓದಿದರು. ಎರಡೂ ಬೀದಿಯ ಮಕ್ಕಳು ಒಂದೇ ಪುಸ್ತಕಕ್ಕೆ ಕಿತ್ತಾಡಿದವು. ಶಾಂತಮಲ್ಲಮ್ಮನವರು ಮುಂಬಾಗಿಲಿನಿಂದಲೇ ಬಂದು, ಸೆರಗಿನೊಳಗಲ್ಲ, ಕೈಯಲ್ಲೇ ಪುಸ್ತಕ ಹಿಡಿದುಕೊಂಡು ಹೋದರು.

ಆದರೆ ಯಜಮಾನರಿಬ್ಬರಿಗೂ ನಿದ್ದೆ ಇರಲಿಲ್ಲ. ಬೀಗ ಇದೆ, ಬೀಗದ ಕೈ ಸೊಂಟದಲ್ಲಿದೆ, ಬಾಗಿಲು ಮಾತ್ರ ತೆರೆದಿದೆ. ಇದು ಯಾವ ಸೀಮೆಯ ನ್ಯಾಯ? ಇಬ್ಬರೂ ಬೇರೆ ಬೇರೆಯಾಗಿ ಪಂಚಾಯ್ತಿ ಕಚೇರಿಗೆ ಹೋಗಿ ಬಂದರಂತೆ. ಬುಧವಾರ ಪಿಡಿಒ ಸಾಹೇಬರು ನನ್ನನ್ನು ಕರೆಸಿದರು. "ಒಬ್ಬರು ಬಂದು ಬಾಯಲ್ಲಿ ಹೇಳಿದ್ರೆ ನಾನು ಕಿವುಡ ಆಗ್ತೀನಮ್ಮ. ಇಬ್ಬರೂ ಯಜಮಾನರು ಒಟ್ಟಿಗೆ ದೂರು ಬರೆದು ಕೊಟ್ರೆ ನನ್ನ ಕೈ ಕಟ್ಟಿಹಾಕಿದ ಹಾಗೆ. ಭವನಕ್ಕೆ ಸೀಲು, ನಿಮಗೆ ಕೆಲಸ ಇಲ್ಲ" ಎಂದರು. ನಾನು ನಕ್ಕುಬಿಟ್ಟೆ. ಅವರಿಬ್ಬರು ಒಟ್ಟಿಗೆ ಒಂದು ಹಾಳೆಗೆ ಸಹಿ ಹಾಕುವುದುಂಟೇ, ಎಲ್ಲಾದರೂ ಉಂಟೇ!

ಗುರುವಾರ ಸಂಜೆ ಐದಕ್ಕೆ ಇಬ್ಬರೂ ಒಟ್ಟಿಗೆ ಬಂದರು.

ಹೊಸಿಲಿನಾಚೆ ಚಪ್ಪಲಿ ಬಿಟ್ಟು ಒಳಗೆ ಬಂದು, ನನ್ನ ಮೇಜಿನ ಎದುರಿನ ಬೆಂಚಿನ ಮೇಲೆ ಕೂತರು. ಖಾಲಿ ಇದ್ದದ್ದು ಅದೊಂದೇ ಬೆಂಚು, ಉಳಿದವುಗಳ ಮೇಲೆ ಮಕ್ಕಳಿದ್ದವು. ನಲವತ್ತಾರು ವರ್ಷದ ನನ್ನ ಆಯಸ್ಸಿನಲ್ಲಿ ಮೇಲಿನ ಬೀದಿ, ಕೆಳಗಿನ ಬೀದಿಯ ಯಜಮಾನರು ಮೊಣಕೈಗೆ ಮೊಣಕೈ ತಾಗಿಸಿ ಒಂದೇ ಬೆಂಚಿನ ಮೇಲೆ ಕೂತದ್ದನ್ನು ನಾನು ಕಂಡಿರಲಿಲ್ಲ.

"ಒಂದ್ ಅರ್ಜಿ ಬರೀಬೇಕು ಕಣವ್ವ" ಎಂದರು ಅಪ್ಪ, ನನ್ನ ಮುಖ ನೋಡದೆ.

ಊರಿನ ಅರ್ಜಿಗಳೆಲ್ಲ ನನ್ನ ಕೈಯಲ್ಲೇ ಬರೆಸುವುದು. ಪಿಂಚಣಿಯದಿರಲಿ, ಬೋರ್‌ವೆಲ್ಲಿನದಿರಲಿ, ಆನೆ ಬಂದು ಬೆಳೆ ತುಳಿದದ್ದಿರಲಿ, ಎರಡೂ ಬೀದಿಯವರಿಗೆ ನಾನೇ ಗತಿ. ಯಾರ ಮೇಲೆ ಅರ್ಜಿ ಎಂದು ಕೇಳಿದೆ.

"ನಿನ್ ಮೇಲೇಯ" ಎಂದರು. "ಬ್ಯಾರೆ ಯಾರ್ಗ್ ಬರ್ಯಕ್ ಬತ್ತದೆ? ನಿನ್ ಕೈಬರಾನೇ ಚಂದ."

ನನಗೆ ನಗಬೇಕೋ ಹಾಳೆ ಹರಿದು ಅವರ ಮುಖಕ್ಕೆ ಎಸೆಯಬೇಕೋ ತಿಳಿಯಲಿಲ್ಲ. ಹೆತ್ತ ಅಪ್ಪ! ಆದರೂ ಬರೆಯುವುದು ನನ್ನ ಕೆಲಸ. ಪೆನ್ನು ತೆಗೆದೆ. ಸಹಿ ಯಾರದು ಮೊದಲು ಎಂದು ಕೇಳಿದೆ, ಅಲ್ಲಿಗೇ ಮುರಿದುಬೀಳಲಿ ಎಂಬ ಆಸೆಯಿಂದ.

"ಗುಂಡಗೆ ಸಹಿ ಆಕ್ತೀವಿ" ಎಂದರು ಚಿಕ್ಕಮಲ್ಲಪ್ಪ. "ತಟ್ಟೆ ಮಡಗಿ ಗೆರೆ ಎಳ್ಯದು, ಅದ್ರ ಸುತ್ತ ಸಹಿ. ಮೊದ್ಲೂ ಇಲ್ಲ, ಕಡೇನೂ ಇಲ್ಲ. ಕಂಡಕ್ಟ್ರು ಏಳಿದ್ದು. ಒಳ್ಳೆ ತಲೆ ಬುಡಮ್ಮ ನಿಮ್ಮಪ್ಪಂದು."

ಏಳು ವರ್ಷ ಬಗೆಹರಿಯದ್ದು, ನನ್ನ ಅನ್ನ ಕಿತ್ತುಕೊಳ್ಳಲು ಒಂದೇ ನಿಮಿಷದಲ್ಲಿ ಬಗೆಹರಿದಿತ್ತು. ಬರೆದೆ. ಮಾನ್ಯರೇ, ಈ ಕೆಳಗೆ ಸಹಿ ಮಾಡಿರುವ ಅರೆಕಲ್ಪುರ ಗ್ರಾಮಸ್ಥರು ವಿನಂತಿಸುವುದೇನೆಂದರೆ, ದಿನಾಂಕ ಇಷ್ಟರಂದು ಸಮುದಾಯ ಭವನದ ಬಾಗಿಲನ್ನು ಮುರಿದು—

"ಮುರ್ದು ಅಂತ ಬ್ಯಾಡ" ಎಂದರು ಅಪ್ಪ. "ಎತ್ತಿ ಅಂತ ಬರಿ. ಮುರ್ದ್ರೆ ಪೋಲೀಸ್ ಕೇಸಾಯ್ತದೆ."

ಎತ್ತಿ ಎಂದು ತಿದ್ದಿದೆ. ಎತ್ತಿದವರ ಹೆಸರು? ಎಂದೆ. ಚಿಕ್ಕಮಲ್ಲಪ್ಪನವರು ಸೂರು ನೋಡಿದರು. "ಸುಧಾಮಣಿ ಅಂತ ಬರ್ಕ. ಒಬ್ಳೇ" ಎಂದರು.

"ಒಬ್ಳೇ ಎತ್ತುಕ್ ಆದದಾ? ಎಳ್ಡ್ ಆಳ್ ಬಾಗ್ಲದು." ಕಪಾಟಿನ ಹಿಂದಿನಿಂದ ಶಾಂತಮಲ್ಲಮ್ಮನವರು ಬಂದರು, ಕೈಯಲ್ಲಿ ಪುಸ್ತಕ, ಮೂಗಿನ ತುದಿಗೆ ಕನ್ನಡಕ. "ಕೀಲ್ ಕಂಡಿಡ್ದುದ್ದು ನಾನು. ಕರ್ದುದ್ದು ನಾನು. ನನ್ನೆಸ್ರು ಮೊದ್ಲು ಬರ್ಯಮ್ಮಿ. ಶಾಂತಮಲ್ಲಮ್ಮ, ಕೋಂ ಚಿಕ್ಕಮಲ್ಲಪ್ಪ. ಎರಡ್ನೇದು ನಿನ್ ಎಸ್ರು."

ಚಿಕ್ಕಮಲ್ಲಪ್ಪನವರು ಬೆವೆತುಹೋದರು. "ಮನೇಗ್ ನಡಿಯೇ, ಅರ್ಜೀಲಿ ನಿನ್ನೆಸ್ರು ಬಂದ್ರೆ ಮಂಡೀಲಿ ನಾನ್ ಮಕ ಎತ್ತಕಾದದಾ?" ಎಂದರು. ಶಾಂತಮಲ್ಲಮ್ಮನವರು ಜಗ್ಗಲಿಲ್ಲ. ಎದುರು ಬೆಂಚಿನ ಹುಡುಗಿಯನ್ನು ಒತ್ತರಿಸಿ ಕೂತು, ಬರಿ ಎಂದು ನನ್ನ ಕಡೆ ಬೆರಳು ಮಾಡಿದರು. ನಾನು ಹಾಳೆಯ ಮೇಲೆ ಒಂದು ಎಂದು ಬರೆದು, ಶಾ ಅಕ್ಷರ ಬರೆಯತೊಡಗಿದೆ.

"ತಡಿ!" ಎಂದು ಅಪ್ಪ ಬೆಂಚಿನಿಂದ ಎದ್ದೇಬಿಟ್ಟರು. "ಅದೆಂಗ್ ಅವ್ರು ಮೊದ್ಲಾದರು? ನಾನ್ ಕಣ್ಣಾರೆ ನೋಡಿವ್ನಿ. ಕೆಳಗ್ ಕೈ ಆಕಿ ಭಾರ ಎತ್ತುದ್ದು ನನ್ ಮಗ್ಳು. ನಡೂಕ್ ಕೈ ಕೊಟ್ಟೋರು ಸುಮ್ನೆ ಇಡ್ಕಂಡಿದ್ರು. ಮೊದ್ಲ ಎಸ್ರು ನನ್ ಮಗ್ಳುದ್ದು. ಒಂದ್ನೇ ಆರೋಪಿ ಸುಧಾಮಣಿ, ಬಿನ್ ಚಿಕ್ಕಯ್ಯ. ಅದ್ನ ಬುಟ್ಟು ಎರಡ್ನೇದು ಬರದ್ರೆ ನಾನ್ ಸಹಿ ಆಕಕಿಲ್ಲ!"

ಮದುವೆಯಾಗಿ ಇಪ್ಪತ್ತು ವರ್ಷವಾದ ಮಗಳನ್ನು, ಗಂಡನ ಹೆಸರು ಬಿಟ್ಟು, ಬಿನ್ ಚಿಕ್ಕಯ್ಯ ಎಂದುಬಿಟ್ಟರು. ನನಗೆ ಅಕ್ಷರ ಮಂಜಾಯಿತು. ಅಪ್ಪ ನನ್ನ ಓದಿಗೆ, ನನ್ನ ಕೆಲಸಕ್ಕೆ, ಯಾವುದಕ್ಕೂ ಒಂದು ದಿನ ಭೇಷ್ ಎಂದವರಲ್ಲ. ಈಗ ಊರ ಎದುರಿಗೆ, ನನ್ನ ಮೇಲಿನ ದೂರಿನಲ್ಲಿ, ನನಗೆ ಮೊದಲ ಸ್ಥಾನ ಕೊಡಿಸಲು ಕೈಯೆತ್ತಿ ನಿಂತಿದ್ದರು.

ಅದನ್ನು ಕೇಳಿ ಚಿಕ್ಕಮಲ್ಲಪ್ಪನವರ ರಕ್ತವೂ ಕುದಿಯಿತು. ಹೆಂಡತಿಯ ಹೆಸರೇ ಬೇಡ ಎನ್ನುತ್ತಿದ್ದವರು, "ಎರಡ್ನೇದಾ? ನಮ್ ಮನೆಯೋಳು ಎರಡ್ನೇಯವ್ಳಾ? ಜಾಗ ನಮ್ದು ಕಂಡಕ್ಟ್ರೇ! ಬುದ್ದಿ ಅವ್ಳುದ್ದು, ಮೊದ್ಲ ಎಸ್ರೂ ಅವ್ಳುದ್ದೇ!" ಎಂದು ಮೇಜು ಗುದ್ದಿದರು. "ಎಸ್ರುನ್ನೂ ಗುಂಡಗೆ ಬರೀಲಾ?" ಎಂದು ನಾನು ಕೇಳಿದ್ದು ಇಬ್ಬರ ಕಿವಿಗೂ ಬೀಳಲಿಲ್ಲ. ಮಕ್ಕಳು ಪುಸ್ತಕ ಮುಚ್ಚಿ ಕಿಸಿಕಿಸಿ ನಗುತ್ತಿದ್ದವು. ಶಾಂತಮಲ್ಲಮ್ಮನವರು ಮಾತ್ರ ತಮ್ಮ ಪುಟ ತಿರುಗಿಸಿದರು.

ಆ ಅರ್ಜಿ ಇನ್ನೂ ಮುಗಿದಿಲ್ಲ. ಗುರುವಾರ ಗುರುವಾರ ಇಬ್ಬರೂ ಬಂದು ಅದೇ ಬೆಂಚಿನ ಮೇಲೆ ಕೂತು, ಒಂದನೇ ಆರೋಪಿಯ ಹೆಸರಿನಿಂದ ಜಗಳ ಶುರು ಮಾಡುತ್ತಾರೆ. ಗಂಟಲು ಒಣಗಿದಾಗ ನಾನು ಒಂದೇ ಜಗ್ಗಿನಿಂದ ಇಬ್ಬರಿಗೂ ನೀರು ಕೊಡುತ್ತೇನೆ. ದಣಿದ ಮೇಲೆ ಆ ದಿನದ ಪೇಪರನ್ನು ಅರ್ಧ ಅರ್ಧ ಹಂಚಿಕೊಂಡು ಓದಿ, ಮುಂದಿನ ವಾರ ತೀರ್ಮಾನ ಮಾಡನ ಎಂದು ಹೇಳಿ ಎದ್ದು ಹೋಗುತ್ತಾರೆ. ಎಲ್ಲಿ ಬರುವುದು ತಪ್ಪಿಸಿಬಿಡುತ್ತಾರೋ ಎಂಬ ಭಯದಿಂದ ನಾನು ಬುಧವಾರವೇ ಒಂದು ಹೊಸ ಬಿಳಿ ಹಾಳೆ ತೆಗೆದು, ಮೇಲೆ ಮಾನ್ಯರೇ ಎಂದು ಬರೆದು ಸಿದ್ಧವಾಗಿಟ್ಟಿರುತ್ತೇನೆ.